ಮಲ್ಲವಿದ್ಯೆಗೆ ಆತ್ಮರಕ್ಷಣೆಯ ಮುದ್ರೆ ಬೇಡ

ಕಳೆದ ಚಾತುರ್ಮಾಸದಲ್ಲಿ ನಮ್ಮ ಭಾಗದ ಒಂದು ಜಿನಮಂದಿರದ ಟ್ರಸ್ಟಿನ ಸಭೆಗೆ ನಾನು ಹೋಗಿದ್ದೆ. ಅಂದಿನ ವಿಷಯಪಟ್ಟಿಯಲ್ಲಿ ‘ಸಮಾಜದ ಯುವಕ-ಯುವತಿಯರಿಗೆ ಆತ್ಮರಕ್ಷಣಾ ಶಿಬಿರ’ ಎಂಬುದೊಂದು ಇತ್ತು. ಪಟ್ಟಣದ ಶಿಕ್ಷಕರೊಬ್ಬರು ಕುಸ್ತಿ, ಜೂಡೋ ಮತ್ತು ಜುಜುತ್ಸುಗಳ ಪಟ್ಟುಗಳನ್ನು ಮೂರು ತಿಂಗಳಲ್ಲಿ ಕಲಿಸಿಕೊಡುವರೆಂದೂ, ತಲಾ ಮೂರು ಸಾವಿರ ರೂಪಾಯಿ ಶುಲ್ಕದಲ್ಲಿ ಅರ್ಧವನ್ನು ಟ್ರಸ್ಟ್ ಭರಿಸಬೇಕೆಂದೂ ಪ್ರಸ್ತಾವ. ಸಭೆಯಲ್ಲಿ ಹಂಚಿದ ಕರಪತ್ರದ ಮೇಲ್ಭಾಗದಲ್ಲಿ ‘ನಿಮ್ಮ ಮಗ, ನಿಮ್ಮ ಮಗಳು ಇನ್ನು ಎಲ್ಲಿಯೂ ಅಂಜಬೇಕಾಗಿಲ್ಲ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಲಾಗಿತ್ತು.

ಸಭೆ ಎರಡು ಪಂಗಡವಾಯಿತು. ಒಂದು ಪಂಗಡದವರು, ಕಾಲ ಕೆಟ್ಟಿದೆ, ನಮ್ಮ ಮಕ್ಕಳು ಮೆತ್ತಗಿದ್ದಾರೆ, ಈ ವಿದ್ಯೆ ಬಂದರೆ ಯಾರೂ ಮೈಮೇಲೆ ಬರಲಾರರು ಎಂದರು. ಇನ್ನೊಂದು ಪಂಗಡದ ಹಿರಿಯರು, ಶ್ರಾವಕನ ಮಗ ಮತ್ತೊಬ್ಬನ ಮೈಮೇಲೆ ಕೈ ಹಾಕುವುದನ್ನು ಬಸದಿಯ ದುಡ್ಡಿನಲ್ಲಿ ಕಲಿಸುವುದೇ ಅಧರ್ಮ ಎಂದರು. ನಾನು ಎರಡು ಪಂಗಡಕ್ಕೂ ಸೇರದವನಾಗಿ ಎದ್ದುನಿಂತು ನಾಲ್ಕು ಮಾತು ಆಡಿದೆ, ಇಬ್ಬರಿಂದಲೂ ಬೈಸಿಕೊಂಡೆ. ವಿಷಯ ಮುಂದಿನ ಸಭೆಗೆ ಹೋಯಿತು. ಇಂಥ ಕರಪತ್ರಗಳು ಬೇರೆ ಊರುಗಳ ಟ್ರಸ್ಟುಗಳಿಗೂ ಬರುತ್ತಿರುವುದರಿಂದ ಅಲ್ಲಿ ಆಡಿದ್ದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟೇ: ಮಲ್ಲವಿದ್ಯೆಯನ್ನು ಅವಶ್ಯವಾಗಿ ಕಲಿಸಿರಿ, ಆದರೆ ಅದು ದಾರಿಯಲ್ಲಿ ಪ್ರಾಣ ಕಾಯುವ ಕವಚವೆಂದು ಹೇಳಿ ಕಲಿಸಬೇಡಿರಿ. ಹಾಗೆ ಹೇಳುವುದು ಸುಳ್ಳು. ಅದನ್ನು ನಂಬಿದ ಹುಡುಗನಿಗೆ ಆ ಸುಳ್ಳಿನಿಂದ ಅಪಾಯವೂ ಉಂಟು.

ಗರಡಿಯ ಋಣ

ನಾನು ಕುಸ್ತಿಯ ವಿರೋಧಿಯಲ್ಲ. ರಾಜೂರಿನಲ್ಲಿ ಹುಟ್ಟಿ ಬೆಳೆದ ನನಗೆ ಹದಿನಾಲ್ಕನೆಯ ವಯಸ್ಸಿನಿಂದ, ಗದಗಿಗೆ ಬಿ.ಕಾಂ. ಓದಲು ಹೋಗುವವರೆಗೆ, ನಸುಕಿನಲ್ಲಿ ಗರಡಿಮನೆಗೆ ಹೋಗುವ ರೂಢಿಯಿತ್ತು. ಕೆಮ್ಮಣ್ಣಿಗೆ ಎಣ್ಣೆ, ಅರಿಷಿಣ, ಮಜ್ಜಿಗೆ ಬೆರೆಸಿ ಹದಗೊಳಿಸಿದ ಮಟ್ಟಿಯ ವಾಸನೆ ಇಂದಿಗೂ ನೆನಪಿನಲ್ಲಿದೆ. ಉಳಿದವರು ಹನುಮಪ್ಪನ ಪಟಕ್ಕೆ ಕೈಮುಗಿದು ಮಟ್ಟಿಗೆ ಇಳಿಯುತ್ತಿದ್ದರು. ನಾನು ಮನಸ್ಸಿನಲ್ಲಿ ಣಮೋಕಾರ ಹೇಳಿಕೊಂಡು ಇಳಿಯುತ್ತಿದ್ದೆ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ನಮ್ಮ ವಸ್ತಾದರು ಓದುಬರಹ ಬಾರದ ರೈತರು. ಮಾಂಸ, ಮೊಟ್ಟೆ ಇಲ್ಲದೆ ಹಾಲು, ಬದಾಮಿ, ನೆನೆಸಿದ ಕಡಲೆಯ ಖುರಾಕಿನಲ್ಲೇ ನನ್ನನ್ನು ತಯಾರು ಮಾಡಿದರು. ಬೆಳಗಾವಿ, ಕೊಲ್ಹಾಪುರ ಭಾಗದ ಜೈನ ಒಕ್ಕಲುತನದ ಮನೆಗಳಲ್ಲಿ ಗರಡಿಗೆ ಹೋಗುವುದು ತಲೆಮಾರುಗಳಿಂದ ಬಂದ ಪದ್ಧತಿ. ಶಾಹು ಮಹಾರಾಜರು 1912ರಲ್ಲಿ ಕೊಲ್ಹಾಪುರದಲ್ಲಿ ಖಾಸಬಾಗ ಮೈದಾನ ಕಟ್ಟಿಸಿದ ಮೇಲಂತೂ ಆ ಸೀಮೆಯಲ್ಲಿ ಕುಸ್ತಿಗೆ ಬಂದ ಮನ್ನಣೆ ನಮ್ಮ ಧಾರವಾಡ ಸೀಮೆಗೂ ಹಬ್ಬಿತು.

ಈ ವಿದ್ಯೆಯಲ್ಲಿ ಬೇರೆ ಕಾಳಗದ ವಿದ್ಯೆಗಳಿಗೆ ಇಲ್ಲದ ಒಂದು ಗುಣವಿದೆ. ಗುದ್ದುವುದನ್ನು, ಒದೆಯುವುದನ್ನು ಪೂರ್ಣ ಬಲದಿಂದ ಸಂಗಡಿಗನ ಮೇಲೆ ನಿತ್ಯ ಅಭ್ಯಾಸ ಮಾಡಲು ಬರುವುದಿಲ್ಲ. ಮಾಡಿದರೆ ನಾಳೆ ಸಂಗಡಿಗನೇ ಇರುವುದಿಲ್ಲ. ಹಿಡಿಯುವುದು, ಕೆಡಹುವುದು, ಅದುಮುವುದು ಹಾಗಲ್ಲ. ಎದುರಿನವನು ಮೈಯೆಲ್ಲ ಬಲವಾಗಿಸಿ ಎದುರಿಸುತ್ತಿರುವಾಗಲೇ ದಿನವೂ ಅಭ್ಯಾಸ ಮಾಡಬಹುದು. ಜಪಾನಿನ ಜಿಗೊರೊ ಕಾನೊ ಅವರು 1882ರಲ್ಲಿ ಜೂಡೋವನ್ನು ರೂಪಿಸಿದಾಗ ಹಳೆಯ ಜುಜುತ್ಸುವಿನ ಅಪಾಯಕಾರಿ ಪೆಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟದ್ದು ಇದಕ್ಕಾಗಿಯೇ. ಆದ್ದರಿಂದ ಗರಡಿಯಲ್ಲಿ ಪಳಗಿದವನಿಗೆ ಇನ್ನೊಬ್ಬನ ಭಾರ, ಹಿಡಿತ, ಉಸಿರು ಇವು ಹೊಸವಲ್ಲ. ಮೈಮೇಲೆ ಯಾರಾದರೂ ಬಿದ್ದರೆ ಅವನು ದಿಗ್ಭ್ರಮೆಗೊಳ್ಳುವುದಿಲ್ಲ. ಬಿದ್ದಾಗ ಹೇಗೆ ಬೀಳಬೇಕೆಂಬುದು ಅವನ ಮೈಗೆ ಗೊತ್ತಿರುತ್ತದೆ. ಇದು ಸಣ್ಣ ಲಾಭವಲ್ಲ. ಇಷ್ಟನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

1986ರ ಒಂದು ರಾತ್ರಿ

1986ರ ಭಾದ್ರಪದ ಮಾಸ, ಹೆಸರುಕಾಳಿನ ಸುಗ್ಗಿ. ರೋಣದ ಪೇಟೆಯಲ್ಲಿ ಲೆಕ್ಕ ಚುಕ್ತಾ ಮಾಡಿಕೊಂಡು, ಹನ್ನೊಂದು ಸಾವಿರ ರೂಪಾಯಿಗಳನ್ನು ಅಂಗಿಯ ಒಳಗೆ ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು, ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಬಂದೆ. ಅಲ್ಲಿ ಪರಿಚಿತರ ಅಂಗಡಿಯಲ್ಲಿ ಇಟ್ಟಿದ್ದ ಸೈಕಲ್ ತೆಗೆದುಕೊಂಡು ರಾಜೂರಿಗೆ ಹೊರಟಾಗ ಕತ್ತಲಾಗಿತ್ತು. ಸೂರ್ಯಾಸ್ತದ ಮೊದಲೇ ಮನೆ ಸೇರಿ ಊಟ ಮುಗಿಸಬೇಕೆಂಬುದು ನಮ್ಮ ಮನೆಯ ನಿಯಮ. ಅಂದು ವ್ಯಾಪಾರದ ಆಸೆಗೆ ನಿಯಮವನ್ನೂ ಊಟವನ್ನೂ ಬಿಟ್ಟಿದ್ದೆ.

ದಾರಿಯಲ್ಲಿ ಒಬ್ಬ ಕೈಯೆತ್ತಿ ಕಡ್ಡಿಪೆಟ್ಟಿಗೆ ಕೇಳಿದ. ಸೈಕಲ್ ನಿಲ್ಲಿಸಿದೆ. ಅವನು ಅಂಗಿಯ ಎದೆಗೆ ಕೈ ಹಾಕಿದ. ಗರಡಿ ಬಿಟ್ಟು ಎಂಟು ವರ್ಷವಾಗಿದ್ದರೂ ಮೈ ಮರೆತಿರಲಿಲ್ಲ. ಅವನ ತೋಳು ಹಿಡಿದು ಸೊಂಟದ ಮೇಲಿಂದ ಧೋಬೀಪಛಾಡ ಹಾಕಿದೆ. ಅವನು ಖಡಿ ಹಾಕಿದ ರಸ್ತೆಯ ಅಂಚಿಗೆ ಅಪ್ಪಳಿಸಿಬಿದ್ದ. ನಾನು ಗರಡಿಯಲ್ಲಿ ಕಲಿತಂತೆಯೇ ಅವನ ಬೆನ್ನೇರಿ ಅದುಮಿ ಹಿಡಿದೆ. ಕುಸ್ತಿಯ ಕಣದಲ್ಲಾಗಿದ್ದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಇಲ್ಲಿ ಗಿಡದ ಮರೆಯಿಂದ ಎರಡನೆಯವನು ಬಂದು ಬಡಿಗೆಯಿಂದ ನನ್ನ ಭುಜಕ್ಕೆ ಹೊಡೆದ. ನನ್ನ ಎರಡೂ ಕೈಗಳು ಮೊದಲನೆಯವನನ್ನು ಹಿಡಿಯುವುದರಲ್ಲಿ ತೊಡಗಿದ್ದವು. ತಡೆಯಲು ಕೈಯಿರಲಿಲ್ಲ, ಓಡಲು ಕಾಲಿರಲಿಲ್ಲ. ಎರಡನೆಯ ಪೆಟ್ಟಿಗೆ ಭುಜದ ಎಲುಬು ಮುರಿಯಿತು. ದೂರದಲ್ಲಿ ಚಕ್ಕಡಿಯೊಂದರ ಕಂದೀಲು ಕಂಡದ್ದರಿಂದ ಅವರು ಚೀಲ ಕಿತ್ತುಕೊಂಡು ಹೋದರು. ನನ್ನ ಜೀವ ಉಳಿಯಿತು.

ಮಾತು ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಾಲ್ಕು ದಿನಗಳ ನಂತರ, ತೋಳನ್ನು ಕೊರಳಿಗೆ ಕಟ್ಟಿಕೊಂಡೇ ಆ ಸ್ಥಳವನ್ನು ನೋಡಲು ಹೋದೆ. ಅವನು ಬಿದ್ದ ಕಡೆ ಒಂದು ಕಲ್ಲಿನ ಅಂಚಿಗೆ ಒಣಗಿದ ರಕ್ತವಿತ್ತು. ಅವನ ತಲೆ ಆ ಕಲ್ಲಿಗೆ ಬಡಿದಿತ್ತು. ಮತ್ತೊಬ್ಬನು ಅವನನ್ನು ತೋಳು ಹಿಡಿದು ಎಳೆದುಕೊಂಡೇ ಹೋಗಿದ್ದನೆಂದು ಚಕ್ಕಡಿಯವನು ಹೇಳಿದ. ಆಮೇಲೆ ಅವನು ಬದುಕಿದನೋ ಇಲ್ಲವೋ ಎಂಬುದು ಇಂದಿನವರೆಗೂ ನನಗೆ ತಿಳಿಯದು. ಹನ್ನೊಂದು ಸಾವಿರ ರೂಪಾಯಿ ಹೋದ ದುಃಖ ಎರಡು ಸುಗ್ಗಿಗಳಲ್ಲಿ ಮರೆತುಹೋಯಿತು. ಆ ಕಲ್ಲು ಮರೆತಿಲ್ಲ. ಪ್ರತಿವರ್ಷ ದಶಲಕ್ಷಣ ಪರ್ವದ ಕ್ಷಮಾವಣಿಯ ದಿನ ಯಾರ ಕ್ಷಮೆ ಕೇಳಬೇಕೆಂದು ಗೊತ್ತಿಲ್ಲದೆ ಅವನ ಕ್ಷಮೆಯನ್ನೂ ಕೇಳುತ್ತೇನೆ.

ಮರುವರ್ಷ ವಸ್ತಾದರ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವರು ನಗಲಿಲ್ಲ. “ತಮ್ಮಾ, ಕಣದಾಗ ನಿನ್ನ ಮುಂದ ಒಬ್ಬಂವ ಇರ್ತಾನ. ದಾರ್ಯಾಗ ಎಷ್ಟು ಮಂದಿ ಅದಾರಂತ ಯಾರಿಗೆ ಗೊತ್ತು? ನಾ ನಿನಗ ಕುಸ್ತಿ ಕಲಿಸೀನಿ, ಬಡದಾಟ ಕಲಿಸಿಲ್ಲ” ಎಂದರು. ಓದುಬರಹ ಬಾರದ ಆ ರೈತನಿಗೆ ಗೊತ್ತಿದ್ದ ಅಂತರ, ಬಣ್ಣದ ಕರಪತ್ರ ಅಚ್ಚು ಹಾಕಿಸುವವರಿಗೆ ಗೊತ್ತಿಲ್ಲವೆಂದು ನಾನು ನಂಬಲಾರೆ.

ಕಣಕ್ಕೂ ದಾರಿಗೂ ಇರುವ ಅಂತರ

ವಸ್ತಾದರ ಮಾತನ್ನು ಬಿಡಿಸಿ ನೋಡೋಣ. ಕುಸ್ತಿಯ ಪಟ್ಟು ಸಿದ್ಧಿಸುವುದು ನಾಲ್ಕು ಒಪ್ಪಂದಗಳ ಮೇಲೆ. ಎದುರಾಳಿ ಒಬ್ಬನೇ ಇರಬೇಕು. ಅವನ ಕೈಯಲ್ಲಿ ಆಯುಧ ಇರಬಾರದು. ಕೆಳಗಿನ ನೆಲ ಮೆತ್ತಗಿರಬೇಕು. ಸೋತವನು ಸೋಲನ್ನು ಒಪ್ಪಬೇಕು. ದಾರಿಯಲ್ಲಿ ಈ ನಾಲ್ಕರಲ್ಲಿ ಒಂದಕ್ಕೂ ಖಾತರಿಯಿಲ್ಲ. ಎದುರಾಳಿಯನ್ನು ಹಿಡಿದುಕೊಂಡವನು ತಾನೂ ಹಿಡಿಯಲ್ಪಟ್ಟವನೇ. ಅವನ ಕೈಕಾಲುಗಳು ಬಿಡುವಿಲ್ಲದವಾಗುತ್ತವೆ, ಬೆನ್ನು ಎರಡನೆಯವನಿಗೆ ತೆರೆದಿರುತ್ತದೆ, ಓಡುವ ಅವಕಾಶ ಹೋಗಿರುತ್ತದೆ. ಮೈಗೆ ಮೈ ಹತ್ತಿದಾಗ ಸೊಂಟದಲ್ಲಿರುವ ಸಣ್ಣ ಚಾಕು ಕಣ್ಣಿಗೆ ಕಾಣುವುದೂ ಇಲ್ಲ. ಮಟ್ಟಿಯ ಮೇಲೆ ‘ಚಿತ್’ ಆದವನು ಮೈಕೊಡವಿಕೊಂಡು ಏಳುತ್ತಾನೆ. ಫರಸಿಯ ಮೇಲೆ, ಗಟಾರದ ಅಂಚಿನ ಮೇಲೆ ಹಾಗೆಯೇ ಬಿದ್ದವನು ಏಳದೆಯೂ ಇರಬಹುದು.

ನಾಲ್ಕನೆಯ ಒಪ್ಪಂದದ ಬೆಲೆಯನ್ನು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಕಥೆಯೇ ಹೇಳುತ್ತದೆ. ಭರತ-ಬಾಹುಬಲಿಗಳ ಸೈನ್ಯಗಳು ಎದುರಾದಾಗ, ಅಣ್ಣತಮ್ಮಂದಿರ ಜಗಳಕ್ಕೆ ಸಾವಿರಾರು ಜನ ಸಾಯಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳನ್ನು ಏರ್ಪಡಿಸಿದರು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ, 941ರಲ್ಲಿ ಪಂಪನು ಕನ್ನಡದಲ್ಲಿಯೂ ಈ ಪ್ರಸಂಗವನ್ನು ವರ್ಣಿಸಿದ್ದಾರೆ. ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣನನ್ನು ಮೇಲಕ್ಕೆತ್ತಿ ಹಿಡಿದನು, ನೆಲಕ್ಕೆ ಅಪ್ಪಳಿಸಲಿಲ್ಲ. ಮಲ್ಲವಿದ್ಯೆಯ ಶ್ರೇಷ್ಠತೆಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲವೆಂದು ಶಿಬಿರದವರು ಸಭೆಯಲ್ಲಿ ಹೇಳಿದರು. ನಾನೂ ಒಪ್ಪುತ್ತೇನೆ. ಆದರೆ ಅವರು ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು. ಮುಂದೆ ಏನಾಯಿತು? ಸೋತ ಭರತನು ಒಪ್ಪಂದವನ್ನು ಮುರಿದು ಚಕ್ರರತ್ನವನ್ನು ಪ್ರಯೋಗಿಸಿದನು. ಆ ಕ್ಷಣದಲ್ಲಿ ಬಾಹುಬಲಿಯ ಭುಜಬಲವಾಗಲಿ, ಮಲ್ಲಯುದ್ಧದ ಜಯವಾಗಲಿ ಅವನನ್ನು ಕಾಯಲಿಲ್ಲ. ಸ್ವಂತ ವಂಶದವನನ್ನು ಚಕ್ರ ಘಾತಿಸುವುದಿಲ್ಲವೆಂಬ ಕಾರಣದಿಂದ ಅದು ಪ್ರದಕ್ಷಿಣೆ ಹಾಕಿ ನಿಂತಿತು. ದಾರಿಗಳ್ಳನ ಕೈಯ ಚೂರಿಗೆ ನಮ್ಮ ವಂಶದ ಪರಿಚಯವಿಲ್ಲ. ಒಪ್ಪಂದದ ಕುಸ್ತಿಯಲ್ಲಿ ಗೆದ್ದ ಮರುಗಳಿಗೆಯೇ ಒಪ್ಪಂದವಿಲ್ಲದ ಆಯುಧ ಬರಬಹುದೆಂದು ಪುರಾಣವೇ ನಮ್ಮನ್ನು ಎಚ್ಚರಿಸಿದೆ.

ನಮ್ಮ ಪೂರ್ವಿಕರು ಈ ಅಂತರವನ್ನು ಬಲ್ಲವರಾಗಿದ್ದರು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವರ್ಗಗಳು, ಆಹಾರ, ಅಭ್ಯಾಸ, ಪಟ್ಟುಗಳ ವಿವರಗಳಿವೆ. ಅವು ಬರುವುದು ಮಲ್ಲವಿನೋದವೆಂಬ ಹೆಸರಿನಲ್ಲಿ, ರಾಜನ ವಿನೋದಗಳ ಭಾಗದಲ್ಲಿ. ಮೈಸೂರು ದಸರೆಯಲ್ಲಿ ಜೆಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ ನೋಡಲು ಭಯಂಕರವಾದದ್ದು. ಅದು ಕೂಡ ಒಬ್ಬನ ತಲೆಯಿಂದ ರಕ್ತದ ಹನಿ ಕಂಡೊಡನೆ ನಿಲ್ಲುತ್ತದೆ. ‘ನಿಲ್ಲಿಸಿ’ ಎನ್ನುವವನೊಬ್ಬನು ಅಲ್ಲಿ ಇರುತ್ತಾನೆ. ದಾರಿಯಲ್ಲಿ ಆ ಮಾತು ಹೇಳುವವರು ಯಾರು?

ಶಿಬಿರದವರು ಮುಂದಿಡುವ ಎರಡು ಪ್ರಮಾಣಗಳು

ಮೊದಲನೆಯದು ಅಮೆರಿಕದ್ದು. 1993ರ ನವೆಂಬರಿನಲ್ಲಿ ಡೆನ್ವರ್ ನಗರದಲ್ಲಿ ಬೇರೆ ಬೇರೆ ಕಾಳಗದ ವಿದ್ಯೆಗಳ ಎಂಟು ಜನರ ನಡುವೆ ಸ್ಪರ್ಧೆ ನಡೆಯಿತು. ಬ್ರೆಜಿಲ್ ದೇಶದ ಜುಜುತ್ಸು ಕಲಿತ ರಾಯ್ಸ್ ಗ್ರೇಸಿ ಎಂಬ ಸಾಧಾರಣ ಮೈಕಟ್ಟಿನ ಯುವಕ ಒಂದೇ ರಾತ್ರಿ ಮೂವರನ್ನು ಸೋಲಿಸಿ ಗೆದ್ದನು. ಗುದ್ದುವವರಿಗಿಂತ ಹಿಡಿಯುವವರೇ ಮೇಲೆಂಬುದು ಅಂದು ಲೋಕಕ್ಕೆ ತಿಳಿಯಿತು ಎನ್ನುತ್ತಾರೆ. ತಿಳಿದದ್ದು ನಿಜ. ಆದರೆ ಅಂದು ಸಿದ್ಧವಾದದ್ದು ಏನು? ಒಬ್ಬನ ಎದುರು ಒಬ್ಬನೇ ಇರುವಾಗ, ಬೇಲಿ ಹಾಕಿದ ಕಣದಲ್ಲಿ, ಆಯುಧವಿಲ್ಲದಿರುವಾಗ, ಕಣ್ಣು ಚುಚ್ಚುವುದು ಕಚ್ಚುವುದು ನಿಷಿದ್ಧವಾಗಿರುವಾಗ, ಹಿಡಿಯಬಲ್ಲವನು ಗುದ್ದುವವನನ್ನು ಗೆಲ್ಲಬಲ್ಲನೆಂಬುದು. ಆ ಬೇಲಿಯೊಳಗೆ ಇನ್ನಿಬ್ಬರು ಬಡಿಗೆ ಹಿಡಿದು ನುಗ್ಗಿದ್ದರೆ ಏನಾಗುತ್ತಿತ್ತೆಂಬುದನ್ನು ಆ ಸ್ಪರ್ಧೆ ಹೇಳುವುದಿಲ್ಲ. ಅದನ್ನು ನನ್ನ ಭುಜದ ಎಲುಬು ಹೇಳೀತು.

ಎರಡನೆಯದು ಒಂದು ಲೆಕ್ಕ. ‘ನೂರಕ್ಕೆ ತೊಂಬತ್ತು ಹೊಡೆದಾಟಗಳು ನೆಲಕ್ಕೆ ಬಿದ್ದೇ ಮುಗಿಯುತ್ತವೆ, ಆದ್ದರಿಂದ ನೆಲದ ಕಾಳಗ ಕಲಿಯಿರಿ’ ಎಂದು ಕರಪತ್ರದಲ್ಲಿತ್ತು. ಈ ಮಾತಿನ ಮೂಲವೆಂದು ತೋರಿಸುವುದು ಅಮೆರಿಕದ ಲಾಸ್ ಏಂಜಲಿಸ್ ನಗರದ ಪೊಲೀಸರು ತಮ್ಮ 1988ರ ಪ್ರಕರಣಗಳನ್ನು ಪರಿಶೀಲಿಸಿದ ವರದಿಯನ್ನು. ಅವು ಬಂಧನಕ್ಕೆ ಒಪ್ಪದವರೊಡನೆ ಪೊಲೀಸರು ನಡೆಸಿದ ಸೆಣಸಾಟಗಳು. ಕೈಕೋಳ ಹಾಕಬೇಕಾದ ಪೊಲೀಸನು ಆರೋಪಿಯನ್ನು ನೆಲಕ್ಕೆ ಕೆಡಹುವುದು ಸಹಜ; ಅವನ ಕೆಲಸವೇ ಅದು. ಅವನ ಬೆನ್ನಿಗೆ ಇನ್ನೊಬ್ಬ ಪೊಲೀಸನೂ, ಸೊಂಟದಲ್ಲಿ ಪಿಸ್ತೂಲೂ ಇರುತ್ತವೆ. ನಮ್ಮ ಹುಡುಗನ ಕೆಲಸ ಯಾರನ್ನೂ ಬಂಧಿಸುವುದಲ್ಲ, ಮನೆಗೆ ಮರಳುವುದು. ಒಬ್ಬರ ಖಾತೆಯ ಅಂಕಿಯನ್ನು ಇನ್ನೊಬ್ಬರ ಖಾತೆಗೆ ಜಮಾ ಮಾಡಿದರೆ ಲೆಕ್ಕ ಪರಿಶೋಧಕರು ಒಪ್ಪುವುದಿಲ್ಲ, ನಾವೂ ಒಪ್ಪಬೇಕಾಗಿಲ್ಲ.

ವಿರೋಧಿ ಹಿಂಸೆಯ ಮಾತು

ಇನ್ನು ಎರಡನೆಯ ಪಂಗಡದ ಹಿರಿಯರಿಗೆ ನನ್ನ ವಿನಂತಿ. ಮಟ್ಟಿಯನ್ನು ಅಗೆದರೆ ಜೀವಹಾನಿ, ಮಗ ಮೈಮೇಲೆ ಕೈ ಹಾಕಿದರೆ ವ್ರತಭಂಗ ಎಂದು ನೀವು ಹೇಳುತ್ತೀರಿ. ಆದರೆ ನಮ್ಮ ಆಚಾರ್ಯರ ಪರಂಪರೆ ಗೃಹಸ್ಥನಿಗೆ ಮುನಿಯ ಮಹಾವ್ರತವನ್ನು ವಿಧಿಸಿಲ್ಲ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಶ್ರಾವಕನು ಪೂರ್ತಿಯಾಗಿ ಬಿಡಬೇಕೆಂದೂ, ಉಳಿದವುಗಳಲ್ಲಿ ಯತ್ನಾಚಾರದಿಂದ ಇರಬೇಕೆಂದೂ ಹೇಳಿದ್ದಾರೆ. ಆಕ್ರಮಣವನ್ನು ತಡೆಯುವಾಗ ಆಗುವುದು ವಿರೋಧಿ ಹಿಂಸೆ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನು ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದನು. 959ರಲ್ಲಿ ಯಶಸ್ತಿಲಕವನ್ನು ಬರೆದ ಸೋಮದೇವಸೂರಿಗಳು, ಯುದ್ಧದಲ್ಲಿ ಆಯುಧ ಹಿಡಿದು ಎದುರು ನಿಂತವನ ಮೇಲೆ, ನಾಡಿಗೆ ಕಂಟಕನಾದವನ ಮೇಲೆ ಮಾತ್ರ ಅರಸನು ಆಯುಧವೆತ್ತಬೇಕು, ದೀನರ ಮೇಲೆ ಅಲ್ಲ ಎಂಬ ಅಭಿಪ್ರಾಯದವರು. ಆದ್ದರಿಂದ ಕಲಿಯುವುದೇ ಅಧರ್ಮವೆಂಬ ಮಾತು ನಿಲ್ಲುವುದಿಲ್ಲ.

ಮಲ್ಲವಿದ್ಯೆ ನಿಜವಾಗಿ ಉಪಯೋಗಕ್ಕೆ ಬರುವ ಒಂದು ಸಂದರ್ಭವೂ ಇದೆ. ಹತ್ತು ವರ್ಷಗಳ ಹಿಂದೆ ನಮ್ಮ ಅಂಗಡಿಯ ಮುಂದೆ ಪರಿಚಿತನೇ ಆದ ಒಬ್ಬನು ಕುಡಿದ ಅಮಲಿನಲ್ಲಿ ಬಂದು ಎದುರಿಗೆ ಬಂದವರಿಗೆಲ್ಲ ಕೈಯೆತ್ತತೊಡಗಿದ. ನಮ್ಮಲ್ಲಿ ಹಮಾಲಿ ಮಾಡುತ್ತಿದ್ದ ಹಳೆಯ ಪೈಲ್ವಾನನೊಬ್ಬ ಹಿಂದಿನಿಂದ ಹೋಗಿ ಅವನ ಎರಡೂ ತೋಳುಗಳನ್ನು ಸೇರಿಸಿ ಹಿಡಿದು, ಮೆಲ್ಲನೆ ಕಾಳಿನ ಚೀಲಗಳ ಮೇಲೆ ಕೂಡಿಸಿ, ಅವನ ಸಿಟ್ಟು ಇಳಿಯುವವರೆಗೆ ಬಿಡಲಿಲ್ಲ. “ಸಾಕೋ ಮಾರಾಯಾ, ನೀರು ಕುಡಿ” ಎಂದು ತಾನೇ ತಂಬಿಗೆ ಕೊಟ್ಟ. ಯಾರಿಗೂ ಗಾಯವಾಗಲಿಲ್ಲ. ಗುದ್ದುವ ವಿದ್ಯೆ ಬಲ್ಲವನಾಗಿದ್ದರೆ ಕುಡುಕನ ಹಲ್ಲು ಉದುರುತ್ತಿದ್ದವು. ಎತ್ತಿ ಹಿಡಿದು ಅಪ್ಪಳಿಸದೆ ಇಳಿಸಿದ ಬಾಹುಬಲಿಯ ಕೈಯನ್ನು ನಾನು ಅಂದು ಆ ಹಮಾಲನಲ್ಲಿ ಕಂಡೆ. ಆದರೆ ಸಂದರ್ಭವನ್ನು ಗಮನಿಸಿರಿ: ಎದುರಾಳಿ ಒಬ್ಬನೇ, ಕೈ ಬರಿದು, ಹಗಲು ಹೊತ್ತು, ಸುತ್ತಲೂ ನಮ್ಮವರೇ. ಕಣದ ಒಪ್ಪಂದಗಳು ಅಲ್ಲಿ ತಾವಾಗಿಯೇ ಕೂಡಿಬಂದಿದ್ದವು. ಇಂಥಲ್ಲಿ ಹಿಡಿತದಷ್ಟು ಅಹಿಂಸಕವಾದ ಉಪಾಯ ಮತ್ತೊಂದಿಲ್ಲ. ಚೂರಿಯ ಮುಂದೆ, ಗುಂಪಿನ ಮುಂದೆ ಅದೇ ಹಿಡಿತ ಹಿಡಿದವನಿಗೇ ಬಲೆಯಾಗುತ್ತದೆ. ಈ ವಿವೇಕವನ್ನು ಕಲಿಸದೆ ಪಟ್ಟುಗಳನ್ನಷ್ಟೇ ಕಲಿಸುವುದು ಅರೆವಿದ್ಯೆ.

ಅರೆವಿದ್ಯೆಯೊಡನೆ ಬರುವುದು ಮದ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಬಲಮದವೂ ಒಂದು. ಮೂರು ತಿಂಗಳು ಪಟ್ಟು ಕಲಿತು ‘ಇನ್ನು ಎಲ್ಲಿಯೂ ಅಂಜಬೇಕಾಗಿಲ್ಲ’ ಎಂದು ನಂಬಿದ ಹುಡುಗನು, ಮೊದಲು ಬದಿಗೆ ಸರಿದು ಹೋಗುತ್ತಿದ್ದ ಜಗಳಕ್ಕೆ ಈಗ ನಿಲ್ಲುತ್ತಾನೆ. ಅಂದು ನನಗೆ ಗರಡಿಯ ವಿದ್ಯೆ ಇಲ್ಲದಿದ್ದರೆ ಚೀಲವನ್ನು ಬಿಸುಟು ಓಡುತ್ತಿದ್ದೆ. ಎಲುಬೂ ಮುರಿಯುತ್ತಿರಲಿಲ್ಲ, ಕಲ್ಲಿಗೆ ರಕ್ತವೂ ಹತ್ತುತ್ತಿರಲಿಲ್ಲ.

ಕಾಯಿದೆಯೂ ಮಿತಿಯನ್ನೇ ಹೇಳುತ್ತದೆ. ಹಳೆಯ ದಂಡಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿದ್ದ ಖಾಸಗಿ ರಕ್ಷಣೆಯ ಹಕ್ಕು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ರಕ್ಷಣೆಗೆ ಎಷ್ಟು ಅವಶ್ಯವೋ ಅದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಕುತ್ತಿಗೆ ಬಿಗಿಯುವ ಪಟ್ಟನ್ನು ಎದುರಿನವನು ನಿಶ್ಚೇಷ್ಟನಾದ ಮೇಲೂ ಹಿಡಿದಿದ್ದರೆ ಅದು ರಕ್ಷಣೆಯಲ್ಲ. ಶಿಬಿರದ ಪಾಠಪಟ್ಟಿಯಲ್ಲಿ ಕುತ್ತಿಗೆಯ ಪಟ್ಟುಗಳಿದ್ದವು. ಬಿಡುವುದು ಯಾವಾಗ ಎಂಬ ಪಾಠವಿರಲಿಲ್ಲ.

ಹೆಣ್ಣುಮಕ್ಕಳ ವಿಷಯ

ಗಂಡುಹುಡುಗರ ಮಾತು ಇರಲಿ, ಹೆಣ್ಣುಮಕ್ಕಳಿಗಾದರೂ ಬೇಡವೇ ಎಂದು ಒಬ್ಬ ತಾಯಿ ಸಭೆಯಲ್ಲಿ ಕೇಳಿದರು. ಅವರ ಪ್ರಶ್ನೆಯೇ ಎಲ್ಲಕ್ಕಿಂತ ತೂಕದ್ದು. ಹೆಣ್ಣುಮಕ್ಕಳ ಮೇಲಿನ ಆಕ್ರಮಣ ಬಹಳ ಸಲ ಕೈ ಹಿಡಿಯುವುದರಿಂದ, ಅದುಮುವುದರಿಂದಲೇ ಆರಂಭವಾಗುತ್ತದೆ. ಆದ್ದರಿಂದ ಹಿಡಿತದಿಂದ ಬಿಡಿಸಿಕೊಳ್ಳುವುದು, ಕೆಳಗೆ ಬಿದ್ದಾಗ ಮೇಲೇಳುವುದು ಇವು ಅವರಿಗೆ ಬೇಕೇ ಬೇಕು. ರಾಜ್ಯದ ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲಿ ವಿದ್ಯಾರ್ಥಿನಿಯರಿಗೆ ಆತ್ಮರಕ್ಷಣೆಯ ತರಬೇತಿ ನಡೆದಿರುವುದು ಸ್ವಾಗತಾರ್ಹ. ಆದರೆ ನಲವತ್ತೈದು ಕಿಲೋ ತೂಕದ ಹುಡುಗಿ ಎಂಬತ್ತು ಕಿಲೋದವನನ್ನು ನೆಲದ ಮೇಲೆ ಅದುಮಿ ಹಿಡಿದು ಗೆಲ್ಲುವಳೆಂಬ ಆಶ್ವಾಸನೆಯನ್ನು ಮೂರು ತಿಂಗಳ ಶಿಬಿರ ಕೊಡಬಾರದು. ಕುಸ್ತಿಯಲ್ಲಿ, ಜೂಡೋದಲ್ಲಿ ತೂಕದ ವರ್ಗಗಳನ್ನು ಮಾಡಿರುವುದೇ ತೂಕಕ್ಕೆ ಬೆಲೆಯಿರುವುದರಿಂದ.

ಯಾವುದು ನಿಜವಾಗಿ ಉಪಯೋಗವಾಗುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಪ್ರಯೋಗ ನಡೆದಿದೆ. ಕೆನಡಾ ದೇಶದ ಮೂರು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಸುಮಾರು 900 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹನ್ನೆರಡು ಗಂಟೆಗಳ ತರಬೇತಿ, ಇನ್ನೊಂದಕ್ಕೆ ಕರಪತ್ರಗಳನ್ನು ಮಾತ್ರ ಕೊಟ್ಟರು. ಒಂದು ವರ್ಷದೊಳಗೆ ಬಲಾತ್ಕಾರಕ್ಕೆ ಒಳಗಾದವರು ಕರಪತ್ರದ ಗುಂಪಿನಲ್ಲಿ ನೂರಕ್ಕೆ 9.8, ತರಬೇತಿಯ ಗುಂಪಿನಲ್ಲಿ 5.2 ಎಂದು 2015ರಲ್ಲಿ ಪ್ರಕಟವಾಯಿತು. ಆ ಹನ್ನೆರಡು ಗಂಟೆಗಳಲ್ಲಿ ಕಲಿಸಿದ್ದು ಬರಿಯ ಪಟ್ಟುಗಳನ್ನಲ್ಲ. ಅಪಾಯದ ಲಕ್ಷಣಗಳನ್ನು ಮೊದಲೇ ಗುರುತಿಸುವುದು, ಪರಿಚಿತನೆಂಬ ದಾಕ್ಷಿಣ್ಯವನ್ನು ಬಿಡುವುದು, ಗಟ್ಟಿಯಾಗಿ ‘ಬೇಡ’ ಎನ್ನುವುದು, ಕೂಗುವುದು. ಇವುಗಳೊಡನೆ ಕೈಕಾಲುಗಳ ಪ್ರತಿಭಟನೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮೆತ್ತಗೆ ಮಾತಾಡುವುದನ್ನೇ ಕಲಿಸಿ, ಅಪರಿಚಿತರಿಗೆ ಮಾತ್ರ ಅಂಜಲು ಹೇಳಿ, ಆಮೇಲೆ ಜುಜುತ್ಸು ಕಲಿಸಲು ಹೊರಟಿದ್ದೇವೆ. ಮೊದಲು ಕಲಿಯಬೇಕಾದವರು ತಂದೆತಾಯಿಗಳು. ಮಗಳು ಬಂದು ಪರಿಚಿತನೊಬ್ಬನ ಮೇಲೆ ದೂರು ಹೇಳಿದರೆ ‘ಸುಮ್ಮನಿರು, ಮರ್ಯಾದೆ ಹೋದೀತು’ ಎನ್ನುವ ಮನೆಯಲ್ಲಿ ಯಾವ ಪಟ್ಟೂ ಅವಳನ್ನು ಕಾಯಲಾರದು.

ವ್ಯಾಪಾರದ ಧರ್ಮ

ನಾನು ನಲವತ್ತು ವರ್ಷ ಕಾಳುಕಡಿ ಮಾರಿದವನು. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೊನೆಯ ಎರಡು ನನ್ನಂಥವರಿಗಾಗಿಯೇ ಇವೆ: ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಮತ್ತು ಪ್ರತಿರೂಪಕ ವ್ಯವಹಾರ, ಅಂದರೆ ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದು. ಹೊಸ ಹೆಸರುಕಾಳಿನಲ್ಲಿ ಹಳೆಯದನ್ನು ಬೆರೆಸಿ ಹೊಸದೆಂದು ಮಾರಿದರೆ ಅತಿಚಾರ. ಹಳೆಯದು ತಿನ್ನಲು ಬಾರದ್ದೇನಲ್ಲ. ಹಳೆಯದೆಂದೇ ಹೇಳಿ ಮಾರಿದರೆ ದೋಷವಿಲ್ಲ. ಹಾಗೆಯೇ ಅಂಗಸಾಧನೆಯನ್ನು ಅಂಗಸಾಧನೆಯೆಂದು ಕಲಿಸಿದರೆ ಪುಣ್ಯದ ಕೆಲಸ. ಅದಕ್ಕೆ ಪ್ರಾಣರಕ್ಷಣೆಯ ಮುದ್ರೆ ಒತ್ತಿ ತಾಯಂದಿರ ಅಂಜಿಕೆಗೆ ಮಾರಿದರೆ ಪ್ರತಿರೂಪಕ ವ್ಯವಹಾರ. ಅದಕ್ಕೆ ಬಸದಿಯ ದ್ರವ್ಯದಿಂದ ಅರ್ಧ ಶುಲ್ಕ ಕೊಟ್ಟರೆ ಟ್ರಸ್ಟೂ ಆ ದೋಷದಲ್ಲಿ ಪಾಲುದಾರನಾಗುತ್ತದೆ.

ಟ್ರಸ್ಟುಗಳು ಮಾಡಬಹುದಾದದ್ದು

ಗರಡಿಯನ್ನು ನಡೆಸಿರಿ, ಮೂರು ತಿಂಗಳಲ್ಲ, ವರ್ಷಾನುಗಟ್ಟಲೆ. ಊರಿನಲ್ಲಿ ಪಾಳುಬಿದ್ದ ಗರಡಿಮನೆಯಿದ್ದರೆ ಅಲ್ಲಿಯ ಹಿರಿಯ ಪೈಲ್ವಾನರಿಗೆ ಗೌರವಧನ ಕೊಟ್ಟು, ನಮ್ಮ ಹುಡುಗರನ್ನು ಎಲ್ಲರ ಮಕ್ಕಳೊಡನೆ ಕಳಿಸಿರಿ. ಊರಿನ ಎಲ್ಲ ಜಾತಿಯ ಹುಡುಗರೊಡನೆ ಒಂದೇ ಮಟ್ಟಿಯಲ್ಲಿ ಹೊರಳಿದವನಿಗೆ ಊರಿನಲ್ಲಿ ಶತ್ರುಗಳು ಕಡಿಮೆ. ಇದೂ ಒಂದು ರಕ್ಷಣೆಯೇ. ಕುತ್ತಿಗೆ ಬಿಗಿಯುವ ಪಟ್ಟುಗಳನ್ನು ಮಕ್ಕಳಿಗೆ ಕಲಿಸಬೇಡಿರಿ. ಬೀಳುವುದು, ಬಿಡಿಸಿಕೊಳ್ಳುವುದು, ಏಳುವುದು, ಓಡುವುದು ಇವನ್ನು ಮೊದಲು ಕಲಿಸಿರಿ. ಆಯುಧ ಕಂಡರೆ, ಇಬ್ಬರು ಕಂಡರೆ, ವಸ್ತುವನ್ನು ಬಿಟ್ಟುಕೊಟ್ಟು ದೂರವಾಗುವುದು ಹೇಡಿತನವಲ್ಲ, ಪರಿಗ್ರಹದ ಮೇಲಿನ ಮೋಹವನ್ನು ಜೀವದಯೆಗಾಗಿ ಬಿಡುವುದೆಂದು ಹೇಳಿಕೊಡಿರಿ. ಇನ್ನೊಬ್ಬರನ್ನು, ಅದರಲ್ಲೂ ಮಕ್ಕಳನ್ನು ಹೆಂಗಸರನ್ನು ಕಾಯಬೇಕಾಗಿ ಬಂದಲ್ಲಿ ಮಾತ್ರ ನಿಲ್ಲಬೇಕು. ಅಲ್ಲಿ ನಿಲ್ಲದಿರುವುದೇ ಹೇಡಿತನ.

ಉಳಿದ ಹಣವನ್ನು ಬಸದಿಯ ದಾರಿಗೆ ದೀಪ, ಗರ್ಭಗೃಹಕ್ಕೆ ಒಳ್ಳೆಯ ಕೀಲಿ, ರಾತ್ರಿಯ ಕಾವಲುಗಾರನ ಪಗಾರ ಇವುಗಳಿಗೆ ಹಾಕಿರಿ. ವ್ಯಾಪಾರಿ ಬಾಂಧವರು ನಗದು ಹಣವನ್ನು ಕತ್ತಲಲ್ಲಿ ಒಯ್ಯುವುದನ್ನು ಬಿಡಬೇಕು. ಬ್ಯಾಂಕು ಇರುವಾಗ ಅಂಗಿಯೊಳಗಿನ ಚೀಲವೇಕೆ? ಮುನಿಗಳು ಈರ್ಯಾಸಮಿತಿಯಿಂದ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಅದು ಅನ್ಯಜೀವಗಳ ರಕ್ಷಣೆಗಾಗಿ. ಅಂಥ ಎಚ್ಚರದಲ್ಲಿ ಕಾಲುಭಾಗ ಗೃಹಸ್ಥನಿಗಿದ್ದರೂ ಅವನೂ ಉಳಿಯುತ್ತಾನೆ, ಎದುರಿನವನೂ ಉಳಿಯುತ್ತಾನೆ. ಅಂದು ರಾತ್ರಿ ನನ್ನಲ್ಲಿ ಕೊರತೆಯಾದದ್ದು ಬಲವಲ್ಲ, ಆ ಎಚ್ಚರ.

ಮುಂದಿನ ಸಭೆಯಲ್ಲಿ ಈ ಪ್ರಸ್ತಾವ ಮತ್ತೆ ಬರಲಿದೆ. ಧರ್ಮದರ್ಶಿಗಳಲ್ಲಿ ನನ್ನ ಬೇಡಿಕೆ ಒಂದೇ. ಕರಪತ್ರದ ಮೇಲ್ಭಾಗದ ಆ ಸಾಲನ್ನು ಅಳಿಸಿ, ‘ಅಂಗಸಾಧನೆ ಮತ್ತು ಕುಸ್ತಿಯ ಶಾಲೆ’ ಎಂದು ಅಚ್ಚು ಹಾಕಿಸಿರಿ. ಅದಾದ ಮೇಲೆ ಶುಲ್ಕದ ಮೊದಲನೆಯ ರಸೀದಿಯನ್ನು ನನ್ನ ಮೊಮ್ಮಗನ ಹೆಸರಿಗೂ, ಎರಡನೆಯದನ್ನು ಮೊಮ್ಮಗಳ ಹೆಸರಿಗೂ ಬರೆಯಿರಿ. ಪೂರ್ತಿ ಶುಲ್ಕವನ್ನು ನಾನೇ ಕೊಡುತ್ತೇನೆ.